ಹಿಡಿದು ಬಿಡುವುದು ಅಹಿಂಸೆಯೇ?

ಗೃಹಸ್ಥನ ಧರ್ಮವು ಮನೆಯಲ್ಲಿಯೂ ಬಸದಿಯ ಪ್ರಾಕಾರದೊಳಗೂ ಬಹುಮಟ್ಟಿಗೆ ಸುರಕ್ಷಿತವಾಗಿರುತ್ತದೆ. ಅಲ್ಲಿ ನೀರು ಸೋಸುವ ಬಟ್ಟೆ ಕೊಡದ ಬಾಯಿಯ ಮೇಲೆಯೇ ಇರುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಅಡಿಗೆಮನೆಯ ಕೆಲಸ ಮುಗಿಯುತ್ತದೆ. ಅಷ್ಟಮಿ ಚತುರ್ದಶಿಗಳನ್ನು ಹಿರಿಯರು ಜ್ಞಾಪಿಸುತ್ತಾರೆ. ವ್ರತಕ್ಕೆ ಪರೀಕ್ಷೆ ಬರುವುದು ಮನೆ ಬಿಟ್ಟು ಹೊರಟಾಗ, ಅದರಲ್ಲಿಯೂ ಕೆಲಸಕ್ಕಾಗಿ ಅಲ್ಲದೆ ವಿನೋದಕ್ಕಾಗಿ ಹೊರಟಾಗ. ಶನಿವಾರ ಭಾನುವಾರಗಳ ರಜೆಯಲ್ಲಿ ಕುಟುಂಬ ಸಮೇತರಾಗಿ ನದಿಯ ದಡದಲ್ಲಿ ಡೇರೆ ಹಾಕಿ ತಂಗುವ ರೂಢಿ ಇಂದು ನಮ್ಮ ಸಮಾಜದ ಮನೆಗಳಿಗೂ ಬಂದಿದೆ. ಅದರೊಡನೆ ಗಾಳದ ಆಟವೂ ಬಂದಿದೆ. ಆದುದರಿಂದ ಈ ವಿಷಯವನ್ನು ಶಾಸ್ತ್ರದ ಬೆಳಕಿನಲ್ಲಿ ಒಮ್ಮೆ ನೋಡುವುದು ಉಚಿತ.

ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಶಿವನಸಮುದ್ರದ ಜಲಪಾತಗಳಿಗೂ ಮೇಕೆದಾಟಿಗೂ ನಡುವೆ, ಕಾವೇರಿಯ ದಡದಲ್ಲಿ ಭೀಮೇಶ್ವರಿ ಎಂಬ ಸ್ಥಳವಿದೆ. ಆ ಭಾಗದ ಹೊಳೆಯಲ್ಲಿರುವ ಮಹಶೀರ್ ಮೀನು ದೇಶವಿದೇಶಗಳಲ್ಲಿ ಪ್ರಸಿದ್ಧವಾದುದು. ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 1946ರಲ್ಲಿ 120 ಪೌಂಡ್ ತೂಕದ ಮಹಶೀರ್ ಒಂದು ಗಾಳಕ್ಕೆ ಸಿಕ್ಕಿದ್ದು ಗಾಳಗಾರರ ದಾಖಲೆಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಮುಂದೆ ಭೀಮೇಶ್ವರಿ, ಗಾಲಿಬೋರೆ ಮೊದಲಾದ ಕಡೆಗಳಲ್ಲಿ ಶಿಬಿರಗಳು ಏರ್ಪಟ್ಟಾಗ ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಹಿಡಿದ ಮಹಶೀರನ್ನು ತೂಗಿ, ಚಿತ್ರ ತೆಗೆದು, ಜೀವಸಹಿತ ಹೊಳೆಗೇ ಬಿಡಬೇಕು.

ಆ ಶಿಬಿರಗಳಲ್ಲಿ ಗಾಳದ ಆಟ ನಡೆಯುತ್ತಿದ್ದ ವರ್ಷಗಳಲ್ಲಿ ಬೆಂಗಳೂರಿನ ಒಂದು ದಿಗಂಬರ ಜೈನ ಕುಟುಂಬವು ಕಚೇರಿಯ ಮಿತ್ರರೊಡನೆ ಅಲ್ಲಿಗೆ ಹೋಯಿತು. ಗಂಡ, ಹೆಂಡತಿ, 12 ವರ್ಷದ ಮಗ. ಮನೆಯ ಹಿರಿಯರಾದ ಅಜ್ಜಿ ಚತುರ್ದಶಿಯ ಉಪವಾಸದ ಕಾರಣ ಮನೆಯಲ್ಲಿಯೇ ಉಳಿದರು. ತಂದೆಗೆ ವರ್ಷವೆಲ್ಲ ಮಗನೊಡನೆ ಕುಳಿತು ಮಾತನಾಡುವುದಕ್ಕೂ ಬಿಡುವಿರಲಿಲ್ಲ. ಆ ಎರಡು ದಿನಗಳಲ್ಲಿ ತಂದೆ ಮಗ ಒಂದೇ ಹರಿಗೋಲಿನಲ್ಲಿ ಕುಳಿತರು, ಒಂದೇ ಗಾಳದ ಕೋಲನ್ನು ಹಿಡಿದರು. ಶನಿವಾರ ಮಧ್ಯಾಹ್ನ ದಾರ ಬಿಗಿಯಿತು. ಅರ್ಧ ಗಂಟೆ ಸೆಣಸಿದ ಮೇಲೆ ಮೀನು ದಡಕ್ಕೆ ಬಂತು. ಹುಡುಗ ಅದನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದ. ತಂದೆ ಚಿತ್ರ ತೆಗೆದರು. ಅನಂತರ ಮೀನನ್ನು ಹೊಳೆಗೆ ಬಿಟ್ಟರು.

ಭಾನುವಾರ ಸಂಜೆ ಅಜ್ಜಿ ಸಾಮಾಯಿಕಕ್ಕೆ ಕುಳಿತುಕೊಳ್ಳುವ ಮುಂಚೆ ಹುಡುಗ ಓಡಿಬಂದು ಆ ಚಿತ್ರವನ್ನು ತೋರಿಸಿದ. ಅಜ್ಜಿಯ ಮುಖವನ್ನು ನೋಡಿ, ಕೇಳುವ ಮುಂಚೆಯೇ, “ಬಿಟ್ಟುಬಿಟ್ಟೆವು ಅಜ್ಜಿ, ಅದು ಸಾಯಲಿಲ್ಲ” ಎಂದ. ಅಜ್ಜಿ ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದರು. “ಬಿಡುವುದಕ್ಕೇ ಆಗಿದ್ದರೆ ಹಿಡಿದದ್ದು ಯಾಕೆ ಮಗು?” ಎಂದಷ್ಟೇ ಕೇಳಿ ಸಾಮಾಯಿಕಕ್ಕೆ ಎದ್ದುಹೋದರು.

ತಂದೆ ವಿದ್ಯಾವಂತರು, ಧರ್ಮದಲ್ಲಿ ಶ್ರದ್ಧೆಯುಳ್ಳವರು. ಅವರ ಸಮಾಧಾನ ಹೀಗಿತ್ತು: ಗಾಳಕ್ಕೆ ಹುಳುವನ್ನು ಚುಚ್ಚಿರಲಿಲ್ಲ, ರಾಗಿಯ ಮುದ್ದೆಯನ್ನು ಮೆತ್ತಿದ್ದರು. ಗಾಳದ ಹಿಮ್ಮುಳ್ಳನ್ನು ಚಪ್ಪಟೆ ಮಾಡಿದ್ದರು. ಮೀನನ್ನು ಯಾರೂ ತಿನ್ನಲಿಲ್ಲ, ಮಾರಲಿಲ್ಲ, ಕೊಲ್ಲಲಿಲ್ಲ. ಕಾರಿನ ಚಕ್ರಕ್ಕೆ ಸಿಕ್ಕಿ ಸತ್ತ ಹುಳುಹುಪ್ಪಟೆಗಳ ಲೆಕ್ಕ ಇದಕ್ಕಿಂತ ಹೆಚ್ಚಾಗಿರಬಹುದು. ಹಾಗಿರುವಾಗ ಹಿಂಸೆ ಎಲ್ಲಿದೆ?

ಇದು ಕುಯುಕ್ತಿಯಲ್ಲ. ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆ. ಇಂದು ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ಇದಕ್ಕೆ ‘ಪಾಪ’ ಎಂಬ ಒಂದೇ ಮಾತಿನ ಉತ್ತರ ಸಾಲದು.

ಮೊದಲು ಹಿಂಸೆಯ ಲಕ್ಷಣವನ್ನು ಸ್ಮರಿಸಬೇಕು. ಪ್ರಮಾದದಿಂದ ಕೂಡಿದ ಮನೋವಚನಕಾಯಗಳ ಪ್ರವೃತ್ತಿಯಿಂದ ಪ್ರಾಣಗಳಿಗೆ ಘಾತವನ್ನುಂಟುಮಾಡುವುದು ಹಿಂಸೆ ಎಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಇಲ್ಲಿ ‘ಪ್ರಾಣ’ ಎಂದರೆ ಆಯುಸ್ಸು ಮಾತ್ರವಲ್ಲ. ಇಂದ್ರಿಯಪ್ರಾಣಗಳು ಐದು, ಮನ ವಚನ ಕಾಯ ಬಲಗಳು ಮೂರು, ಆಯುಸ್ಸು, ಶ್ವಾಸೋಚ್ಛ್ವಾಸ ಎಂದು ಪ್ರಾಣಗಳು ಹತ್ತು. ಮೀನು ಜಲಚರ ಪಂಚೇಂದ್ರಿಯ ತಿರ್ಯಂಚ ಜೀವ. ಮನಸ್ಸುಳ್ಳ ಪಂಚೇಂದ್ರಿಯಕ್ಕೆ ಹತ್ತೂ ಪ್ರಾಣಗಳಿವೆ, ಮನಸ್ಸಿಲ್ಲದುದಕ್ಕೆ ಒಂಬತ್ತು. ಗಾಳವು ತುಟಿಯನ್ನು ಚುಚ್ಚಿದಾಗ ಸ್ಪರ್ಶನೇಂದ್ರಿಯಕ್ಕೆ ಘಾತ. ಅರ್ಧ ಗಂಟೆ ಎಳೆದಾಡಿ ದಣಿಸಿದಾಗ ಕಾಯಬಲಕ್ಕೆ ಘಾತ. ನೀರಿನಿಂದ ಎತ್ತಿ ಹಿಡಿದಾಗ ಶ್ವಾಸೋಚ್ಛ್ವಾಸಕ್ಕೆ ಘಾತ. ಆಯುಸ್ಸು ಒಂದು ಉಳಿಯಿತೆಂಬ ಕಾರಣದಿಂದ ಉಳಿದ ಪ್ರಾಣಗಳ ಘಾತ ಇಲ್ಲವಾಗುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಲ್ಲಿಯೂ ಆಚಾರ್ಯರು ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಚುಚ್ಚಿ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಐದನ್ನು ಎಣಿಸಿದ್ದಾರೆ. ಈ ಐದರಲ್ಲಿ ಯಾವುದೂ ಕೊಲೆಯಲ್ಲ. ಆದರೂ ಅವು ವ್ರತಕ್ಕೆ ಕಲಂಕ.

ಮೀನಿಗೆ ನೋವಿಲ್ಲ, ಅದು ತಣ್ಣನೆಯ ರಕ್ತದ ಪ್ರಾಣಿ ಎಂದು ಹೇಳುವವರೂ ಉಂಟು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಜಾತಿಯ ಮೀನನ್ನು ಪರೀಕ್ಷಿಸಿ, ಅದರ ತಲೆ ಮುಖಗಳ ಭಾಗದಲ್ಲಿ ನೋವನ್ನುಂಟುಮಾಡುವ ಪ್ರಚೋದನೆಗೆ ಸ್ಪಂದಿಸುವ ನರತಂತುಗಳಿರುವುದನ್ನು ತೋರಿಸಿದರು. ತುಟಿಗೆ ನೋವಾದ ಮೀನು ಆಹಾರವನ್ನು ಬಿಟ್ಟು, ತೊಟ್ಟಿಯ ತಳದ ಕಲ್ಲುಗಳಿಗೆ ತುಟಿಯನ್ನು ಉಜ್ಜಿಕೊಳ್ಳುತ್ತಿತ್ತು. ಇಂದ್ರಿಯಗಳ ಸಂಖ್ಯೆಯಿಂದ ಜೀವಗಳನ್ನು ವಿಂಗಡಿಸಿದ ಪರಂಪರೆಗೆ ಇದು ಆಶ್ಚರ್ಯದ ಸುದ್ದಿಯಲ್ಲ. ಆದರೂ ಸಂದೇಹವುಳ್ಳವರು ಗಮನಿಸಬೇಕಾದ ಸಂಗತಿ.

ಇನ್ನು ಕಾರಿನ ಚಕ್ರದ ಮಾತು. ಗೃಹಸ್ಥನಿಂದಾಗುವ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಡಿಗೆ, ಪ್ರಯಾಣ, ವ್ಯವಸಾಯ, ವ್ಯಾಪಾರಗಳಲ್ಲಿ ಆಗುವ ಹಿಂಸೆಯನ್ನು ಅವನು ಯತ್ನಾಚಾರದಿಂದ ತಗ್ಗಿಸಬಹುದು, ಪೂರ್ಣವಾಗಿ ಬಿಡಲಾರ. ಆದರೆ ಸಂಕಲ್ಪಹಿಂಸೆಯನ್ನು ಬಿಡುವುದು ಅಣುವ್ರತಿಯ ಮೊದಲ ಕರ್ತವ್ಯ. ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ಮುಗಿಸಿದ ಯಶಸ್ತಿಲಕಚಂಪುವಿನಲ್ಲಿ ಇದಕ್ಕೆ ಬೆಸ್ತನನ್ನೂ ಬೇಸಾಯಗಾರನನ್ನೂ ಉದಾಹರಿಸಿದ್ದಾರೆ. ನೇಗಿಲಿನ ಮೊನೆಗೆ ಸಿಕ್ಕಿ ಎಷ್ಟೋ ಜೀವಗಳು ಸಾಯುತ್ತವೆ; ಆದರೆ ರೈತನ ಚಿತ್ತವಿರುವುದು ಬೆಳೆಯಲ್ಲಿ. ಬಲೆ ಹಿಡಿದು ದಡದಲ್ಲಿ ನಿಂತವನಿಗೆ ದಿನವೆಲ್ಲ ಒಂದು ಮೀನೂ ಸಿಕ್ಕದೆ ಹೋಗಬಹುದು. ಆದರೆ ಅವನ ಚಿತ್ತ ನೆಟ್ಟಿರುವುದು ಮೀನನ್ನು ಹಿಡಿಯುವುದರಲ್ಲಿಯೇ. ಕೊಂದ ಜೀವಗಳ ಸಂಖ್ಯೆಯಿಂದ ಅಲ್ಲ, ಅಭಿಧ್ಯಾನದಿಂದ ಪಾಪಪುಣ್ಯಗಳ ಭೇದವಾಗುತ್ತದೆ ಎಂಬುದು ಆ ದೃಷ್ಟಾಂತದ ಸಾರ. ಕಾರಿನ ಚಕ್ರ ರೈತನ ನೇಗಿಲಿನ ಕಡೆಗೆ ಸೇರುತ್ತದೆ. ಗಾಳದ ಕೋಲು ಬಲೆಯ ಕಡೆಗೆ ಸೇರುತ್ತದೆ.

ಕೊಲೆಯೇ ನಡೆಯದಿದ್ದರೂ ಸಂಕಲ್ಪವು ಜೀವನನ್ನು ಎಲ್ಲಿಗೆ ಒಯ್ಯುತ್ತದೆಂಬುದನ್ನು ಕನ್ನಡದ ಜೈನ ಮನೆಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರಿ.ಶ. 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯನ್ನು ಕೇಳದ ಮನೆ ವಿರಳ. ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಅದರಲ್ಲಿ ರಕ್ತವಿರಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಅದರ ಫಲವಾಗಿ ತಾಯಿಯೂ ಮಗನೂ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಒಂದು ಜನ್ಮದಲ್ಲಿ ಅವನು ಮೀನಾಗಿಯೇ ಹುಟ್ಟಿ ಮನುಷ್ಯರ ಕೈಗೆ ಸಿಕ್ಕಿದನು. ಹಿಟ್ಟಿನ ಕೋಳಿಗೆ ನೋವಿರಲಿಲ್ಲ. ಕಾವೇರಿಯ ಮೀನಿಗಾದರೋ ನೋವೂ ಉಂಟು, ಭಯವೂ ಉಂಟು.

ಮೂರನೆಯದು ಪ್ರಯೋಜನದ ವಿಚಾರ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳು ಐದೆಂದು ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸೆಯ ಉಪಕರಣಗಳನ್ನು ಇತರರ ಕೈಗೆ ಕೊಡುವುದು ಹಿಂಸಾದಾನ. ವಿನಾಕಾರಣ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕತ್ತರಿಸುವುದು ಪ್ರಮಾದಚರ್ಯೆ. ಡೇರೆಯ ಮುಂದೆ ಚಳಿಯಿಲ್ಲದಿದ್ದರೂ ಅಂದಕ್ಕಾಗಿ ಉರಿಸುವ ದೊಡ್ಡ ಬೆಂಕಿ, ಅದಕ್ಕೆ ಬಂದು ಬೀಳುವ ಪತಂಗಗಳು, ಕತ್ತಲಾದ ಮೇಲೆ ಅದರ ಸುತ್ತ ಕುಳಿತು ಮಾಡುವ ಊಟ, ಇವೆಲ್ಲ ಈ ಎಣಿಕೆಯಲ್ಲಿ ತಮ್ಮ ಸ್ಥಾನವನ್ನು ತಾವೇ ಕಂಡುಕೊಳ್ಳುತ್ತವೆ. ಮಗನ ಕೈಗೆ ಗಾಳದ ಕೋಲನ್ನು ಕೊಟ್ಟ ತಂದೆಯು ಪ್ರೀತಿಯಿಂದಲೇ ಕೊಟ್ಟರು; ಆದರೆ ಕೊಟ್ಟದ್ದು ಹಿಂಸೋಪಕರಣ. ಮೀನಿನ ಚಿತ್ರವನ್ನು ನೋಡಿ ‘ಭಲೇ’ ಎಂದ ಬಂಧುಗಳಿಗೂ ಅನುಮೋದನೆಯ ಪಾಲು ಬರುತ್ತದೆ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರಕ್ಕೂ ಆಸ್ರವವಿದೆ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಸೇರಿಸಿರುವುದೂ ಇದೇ ಕಾರಣಕ್ಕಾಗಿ. ಬೇಟೆಯು ನೆಲದ ಮೇಲೆ ನಡೆದರೂ ನೀರಿನಲ್ಲಿ ನಡೆದರೂ ವ್ಯಸನ ಒಂದೇ.

ಇಲ್ಲಿ ಪಶ್ಚಿಮದ ಒಂದು ಕಾನೂನನ್ನು ಉಲ್ಲೇಖಿಸಬಹುದು. ಸ್ವಿಟ್ಜರ್ಲೆಂಡಿನ ಜನ ಮೀನನ್ನು ತಿನ್ನುವವರು. ಆಹಾರಕ್ಕಾಗಿ ಮೀನು ಹಿಡಿಯುವುದು ಅಲ್ಲಿ ಅಪರಾಧವಲ್ಲ. ಆದರೆ ಮರಳಿ ಬಿಡುವ ಉದ್ದೇಶವನ್ನೇ ಇಟ್ಟುಕೊಂಡು ಮೀನು ಹಿಡಿಯುವುದನ್ನು ಆ ದೇಶದ ಪ್ರಾಣಿರಕ್ಷಣಾ ಕಾನೂನು ನಿಷೇಧಿಸಿದೆ. ಹಸಿವಿನ ನೆಪವೂ ಇಲ್ಲದೆ ಆಟಕ್ಕಾಗಿ ಜೀವವನ್ನು ನೋಯಿಸಬಾರದೆಂಬುದು ಅದರ ಹಿಂದಿನ ವಿಚಾರ. ಅನರ್ಥದಂಡವೆಂಬ ಹೆಸರನ್ನು ಅವರು ಕೇಳಿರಲಾರರು. ಆದರೂ ಅಜ್ಜಿಯ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಿದ್ದಾರೆ.

ಆದರೆ ಗಾಳಗಾರರ ಪಕ್ಷದಲ್ಲಿ ಒಂದು ಬಲವಾದ ವಾದವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಕಾವೇರಿಯಲ್ಲಿ ಸಿಡಿಮದ್ದು ಹಾಕಿ ಮೀನುಗಳನ್ನು ರಾಶಿರಾಶಿಯಾಗಿ ಕೊಲ್ಲುವ ಕಳ್ಳಬೇಟೆ ನಡೆಯುತ್ತಿತ್ತು. ಶಿಬಿರಗಳು ಬಂದ ಮೇಲೆ ಹಿಂದೆ ಕಳ್ಳಬೇಟೆಯಲ್ಲಿದ್ದ ಕೆಲವರಿಗೆ ದಾರಿ ತೋರಿಸುವ, ಕಾವಲು ಕಾಯುವ ಕೆಲಸ ದೊರೆಯಿತು. ಹೊಳೆಯ ಮೇಲೆ ಕಣ್ಣಿಡುವವರಿದ್ದರು. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಒಂದು ದುಃಖದ ಸಂಗತಿ ಹೊರಬಿತ್ತು: ಕಾವೇರಿಗೆ ಸಹಜವಾದ, ಬೆನ್ನು ಉಬ್ಬಿದ ಮಹಶೀರ್ ಕಾಣದಂತಾಗುತ್ತ ಬಂದಿತ್ತು, ಹೊರಗಿನಿಂದ ಮರಿಗಳನ್ನು ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಹೆಚ್ಚಿತ್ತು. ಆ ಸಹಜ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಗಾಳಗಾರರ ಲೆಕ್ಕದ ಪುಸ್ತಕವಿಲ್ಲದಿದ್ದರೆ ಈ ಕ್ಷಯ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಈ ಉಪಕಾರವನ್ನು ಒಪ್ಪಬೇಕು. ಆದರೆ ಕಾವಲು ಒಂದು ಕೆಲಸ, ಗಾಳ ಇನ್ನೊಂದು ಕೆಲಸ. ಕಾವಲಿನ ಪುಣ್ಯವನ್ನು ಗಾಳದ ಖಾತೆಗೆ ಬರೆದುಕೊಳ್ಳಲು ಬಾರದು. ಗಾಳವಿಲ್ಲದೆ ಕಾವಲು ಸಾಧ್ಯವೇ ಎಂದು ಕೇಳುವವರು ಶೃಂಗೇರಿಯ ತುಂಗೆಯ ದಡಕ್ಕೆ ಹೋಗಿ ನೋಡಬಹುದು. ಅಲ್ಲಿ ಮೆಟ್ಟಿಲುಗಳ ಬಳಿ ದೊಡ್ಡ ದೊಡ್ಡ ಮೀನುಗಳು ಗುಂಪುಗಟ್ಟಿ ನಿರ್ಭಯವಾಗಿ ಬರುತ್ತವೆ. ಮಕ್ಕಳು ಮೆಟ್ಟಿಲಿನ ಮೇಲೆ ಕುಳಿತು ನೋಡುತ್ತಾರೆ. ಆ ಮೀನುಗಳನ್ನು ಹಿಡಿಯಬಾರದೆಂಬ ಒಂದು ನಿಯಮವನ್ನು ತಲೆಮಾರುಗಳಿಂದ ಜನ ಪಾಲಿಸಿದ್ದಾರೆ. ಅಲ್ಲಿನ ರಕ್ಷಣೆಗೆ ಮೂಲ ಅದೇ. ಒಳ್ಳೆಯದು ಎಲ್ಲಿದ್ದರೂ ಅನುಮೋದನೆಗೆ ಅರ್ಹ.

ಭೀಮೇಶ್ವರಿಯ ಗಾಳದ ಆಟ ಈಗ ಇಲ್ಲ. ಆ ಪ್ರದೇಶವು ಕಾವೇರಿ ವನ್ಯಧಾಮಕ್ಕೆ ಸೇರಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದು ನಿಂತುಹೋಯಿತು. ಆದರೆ ಕಾನೂನಿಗೆ ಗಡಿಯುಂಟು. ವನ್ಯಧಾಮದ ಎಲ್ಲೆ ಮುಗಿದ ಕಡೆ ಆಟ ಮತ್ತೆ ಆರಂಭವಾಗುತ್ತದೆ; ಹಣ ಕೊಟ್ಟು ಗಾಳ ಹಾಕುವ ಖಾಸಗಿ ಕೊಳಗಳೂ ಇವೆ. ವ್ರತವನ್ನು ಮಾತ್ರ ಮನುಷ್ಯನು ಹೋದಲ್ಲೆಲ್ಲ ತನ್ನೊಡನೆ ಒಯ್ಯುತ್ತಾನೆ.

ಮೀನನ್ನು ಹಿಡಿದು ಬಿಟ್ಟ ಒಬ್ಬನ ಕಥೆ ನಮ್ಮ ಪುರಾಣಗಳಲ್ಲಿಯೂ ಇದೆ. ಅವಂತಿ ದೇಶದ ಮೃಗಸೇನನೆಂಬ ಬೆಸ್ತನು ಬಲೆಯನ್ನು ಹೆಗಲಿಗೇರಿಸಿ ಹೊರಟಿದ್ದಾಗ ದಾರಿಯಲ್ಲಿ ಮುನಿಗಳನ್ನು ಕಂಡನು. ಅವನ ವೃತ್ತಿಯನ್ನು ಬಿಡಿಸುವುದು ಅಂದೇ ಆಗದೆಂದು ಅರಿತ ಮುನಿಗಳು ಅವನಿಗೆ ಒಂದು ಚಿಕ್ಕ ನಿಯಮವನ್ನು ಕೊಟ್ಟರು: ಬಲೆಗೆ ಮೊದಲು ಬಿದ್ದ ಜೀವವನ್ನು ಕೊಲ್ಲಬಾರದು. ಅವನು ಬಲೆ ಬೀಸಿದನು. ದೊಡ್ಡ ಮೀನೊಂದು ಬಿತ್ತು. ಗುರುತಿಗಾಗಿ ಬಟ್ಟೆಯ ಚೂರನ್ನು ಕಟ್ಟಿ ಅದನ್ನು ನೀರಿಗೆ ಬಿಟ್ಟನು. ಮತ್ತೆ ಬೀಸಿದಾಗ ಅದೇ ಮೀನು. ಹೀಗೆ ಐದು ಸಲ ಬಿದ್ದಿತು, ಐದು ಸಲವೂ ಬಿಟ್ಟನು. ಸಂಜೆ ಬರಿಗೈಯಲ್ಲಿ ಬಂದ ಗಂಡನಿಗೆ ಹೆಂಡತಿ ಘಂಟೆಯು ಬಾಗಿಲು ಹಾಕಿದಳು. ಹೊರಗೆ ಮಲಗಿದ್ದಾಗ ಹಾವು ಕಚ್ಚಿ ಅವನು ಸತ್ತನು. ಮುಂದಿನ ಜನ್ಮದಲ್ಲಿ ಧನಕೀರ್ತಿಯಾಗಿ ಹುಟ್ಟಿ ಐದು ಸಲ ಮೃತ್ಯುಮುಖದಿಂದ ಪಾರಾದನು.

ಮೃಗಸೇನನೂ ಬಿಟ್ಟನು, ಶಿಬಿರದವರೂ ಬಿಟ್ಟರು. ಹೊರನೋಟಕ್ಕೆ ಕ್ರಿಯೆ ಒಂದೇ. ಆದರೆ ಮೃಗಸೇನನು ಬಿಟ್ಟದ್ದು ತನ್ನ ರಾತ್ರಿಯ ಅನ್ನವನ್ನು. ಬಿಡುವಾಗ ಅವನು ತನಗೆ ಬೇಕಾದುದನ್ನು ತ್ಯಜಿಸಿದನು. ಗಾಳದ ವಿನೋದಗಾರನಿಗೆ ಬೇಕಾದುದು ಹಿಡಿಯುವ ಸುಖ. ಅದನ್ನು ಅವನು ಪೂರ್ಣವಾಗಿ ಪಡೆದ ಮೇಲೆಯೇ ಮೀನನ್ನು ಬಿಡುತ್ತಾನೆ. ಬಿಡುವಾಗ ಅವನು ತ್ಯಜಿಸಿದ್ದು ಏನೂ ಇಲ್ಲ. ಇನ್ನೊಂದು ದಿನ ಮತ್ತೆ ಹಿಡಿಯುವುದಕ್ಕೆ ಮೀನು ಹೊಳೆಯಲ್ಲಿ ಇರಲಿ ಎಂಬುದೂ ಆ ಬಿಡುಗಡೆಯ ಒಳಗೆ ಸೇರಿರುತ್ತದೆ. ತ್ಯಾಗವಿಲ್ಲದ ಬಿಡುಗಡೆಯನ್ನು ದಯೆಯೆಂದು ತಿಳಿಯುವುದೇ ಇಲ್ಲಿರುವ ಭ್ರಾಂತಿ. ಕೊಂದು ತಿನ್ನುವುದಕ್ಕಿಂತ ಬಿಡುವುದು ಮೇಲು, ಸಂದೇಹವಿಲ್ಲ. ಅಷ್ಟರಿಂದ ಹಿಡಿದದ್ದು ನಿರ್ದೋಷವಾಗುವುದಿಲ್ಲ.

ಈ ಕಥೆಯಲ್ಲಿ ಗರ್ವವನ್ನು ಮುರಿಯುವ ಇನ್ನೊಂದು ಪಾಠವೂ ಇದೆ. ಹೊಳೆಯ ದಡದಲ್ಲಿ ಹೊಟ್ಟೆಪಾಡಿಗಾಗಿ ಬಲೆ ಬೀಸುವವನನ್ನು ಕಂಡು ಮೂಗು ಮುರಿಯುವ ಅಧಿಕಾರ ಶ್ರಾವಕನಿಗಿಲ್ಲ. ಆ ಬಲೆಯ ಹಿಂದೆ ಮಕ್ಕಳ ಹಸಿವಿದೆ; ವಿನೋದದ ಗಾಳದ ಹಿಂದೆ ಅದೂ ಇಲ್ಲ. ಬೆಸ್ತನೊಬ್ಬನು ಒಂದು ದಿನದ ನಿಯಮಕ್ಕಾಗಿ ಬಾಗಿಲ ಹೊರಗೆ ಮಲಗಿದನು. ಹುಟ್ಟಿನಿಂದ ಜಿನಧರ್ಮವನ್ನು ಪಡೆದವರು ರಜೆಯ ಎರಡು ದಿನಗಳಲ್ಲಿ ಅಷ್ಟನ್ನಾದರೂ ಸಾಧಿಸಲಾರರೇ?

ಹಾಗಾದರೆ ಮಕ್ಕಳನ್ನು ಹೊಳೆಗೆ ಕರೆದೊಯ್ಯಬಾರದೇ? ಹಾಗೆ ಯಾರೂ ಹೇಳುವುದಿಲ್ಲ. ತಂದೆ ಮಗ ಒಂದೇ ಹರಿಗೋಲಿನಲ್ಲಿ ಕುಳಿತದ್ದು ದೋಷವಲ್ಲ. ಅದು ಆ ಮನೆಗೆ ಬೇಕಾಗಿತ್ತು. ಹುಡುಗನ ಮನಸ್ಸಿನಲ್ಲಿ ತಂದೆಯ ಸಾಮೀಪ್ಯವೂ ಮೀನಿನ ನೋವೂ ಒಂದೇ ನೆನಪಾಗಿ ಬೆಸೆದುಹೋದದ್ದು ಅನರ್ಥ. ಆ ಎರಡನ್ನು ಬೇರ್ಪಡಿಸುವುದು ಹಿರಿಯರ ಕೆಲಸ. ಬರಿಯ ನಿಷೇಧದಿಂದ ಅದು ಆಗದು. ಹೊರಡುವ ಮುಂಚೆ ದೇಶವ್ರತದಂತೆ ಎಲ್ಲೆಯನ್ನೂ ಕಾಲವನ್ನೂ ನಿಶ್ಚಯಿಸಬಹುದು. ಹಗಲಿರುವಾಗಲೇ ಊಟ ಮುಗಿಸಿ, ಬೆಂಕಿಯಿಲ್ಲದೆ ನಕ್ಷತ್ರಗಳನ್ನು ನೋಡಬಹುದು. ಗಾಳವನ್ನು ಮುಟ್ಟುವುದಿಲ್ಲವೆಂಬ ನಿಯಮವನ್ನು ಎರಡು ದಿನಕ್ಕೆ ತೆಗೆದುಕೊಳ್ಳಬಹುದು. ಕಾಲಮಿತಿಯ ನಿಯಮವೇ ಮುಂದೆ ಯಾವಜ್ಜೀವದ ಯಮವಾಗುವುದುಂಟು.

ಆ ಕುಟುಂಬವು ಮರುವರ್ಷ ಅದೇ ದಡಕ್ಕೆ ಹೋಯಿತು. ಈ ಸಲ ಅಜ್ಜಿಯೂ ಜೊತೆಗಿದ್ದರು. ಶಿಬಿರದವನು ಗಾಳದ ಕೋಲನ್ನು ತಂದಾಗ ತಂದೆ, “ಬೇಡಪ್ಪ, ನಮಗೆ ನಿಯಮವಿದೆ” ಎಂದರು. ಹುಡುಗನ ಮುಖ ಬಾಡಿತು. ಮಧ್ಯಾಹ್ನದವರೆಗೂ ಅವನು ಯಾರೊಡನೆಯೂ ಮಾತನಾಡಲಿಲ್ಲ. ಅಜ್ಜಿ ಅವನನ್ನು ಬಲವಂತ ಮಾಡಲಿಲ್ಲ. ಕುಡಿಯುವ ನೀರಿಗೆ ಹೊತ್ತಾದಾಗ ಮಾತ್ರ ಕರೆದು, ಎರಡು ಪದರ ಮಡಿಸಿದ ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. ಇನ್ನೊಂದು ತುದಿಯನ್ನು ತಂದೆ ಹಿಡಿದರು. ಕಾವೇರಿಯ ನೀರು ನಿಧಾನವಾಗಿ ಪಾತ್ರೆಗೆ ಇಳಿಯಿತು. ಸೋಸಿದ ನೀರು ಎರಡು ಘಳಿಗೆ, ಎಂದರೆ 48 ನಿಮಿಷ ಮಾತ್ರ ಶುದ್ಧವೆಂದೂ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ನೀರಿಗೇ ಸೇರಿಸಬೇಕೆಂದೂ ಅಜ್ಜಿ ಹೇಳಿದರು. ತಂದೆ ಮಗ ಇಬ್ಬರೂ ನೀರಿನ ಅಂಚಿಗೆ ಇಳಿದು, ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು ಹೊಳೆಗೆ ಬಿಟ್ಟರು.

“ಇದರಲ್ಲಿ ಏನಾದರೂ ಇತ್ತೇ ಅಪ್ಪ?” ಎಂದು ಹುಡುಗ ಕೇಳಿದ.

“ಕಣ್ಣಿಗೆ ಕಾಣುವುದಿಲ್ಲ. ಇರಬಹುದು ಎಂದು ಬಿಡುವುದು” ಎಂದರು ತಂದೆ.

ಕಾಣದ ಜೀವಗಳನ್ನು ಹೀಗೆ ಬಿಡುವುದನ್ನು ಶ್ರಾವಕರ ಮನೆಗಳು ತಲೆತಲಾಂತರದಿಂದ ದಿನವೂ ನಡೆಸಿಕೊಂಡು ಬಂದಿವೆ. ಅವುಗಳನ್ನು ಹಿಡಿಯಬೇಕೆಂದು ಯಾರೂ ಬಯಸಿರಲಿಲ್ಲ. ಬಿಟ್ಟದ್ದಕ್ಕಾಗಿ ಯಾರೂ ಹೊಗಳಿಕೆಯನ್ನು ನಿರೀಕ್ಷಿಸುವುದಿಲ್ಲ. ಅಂದು ಆ ದಡದಲ್ಲಿ ಯಾರೂ ಚಿತ್ರ ತೆಗೆಯಲಿಲ್ಲ. ಬಟ್ಟೆಯನ್ನು ಹಿಂಡದೆ ಕಲ್ಲಿನ ಮೇಲೆ ಹರವಿ, ಮೂವರೂ ಊಟಕ್ಕೆ ಹೋದರು. ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿತ್ತು.